ಬೆಂಚಿನ ಆ ತುದಿ

ನಮ್ಮ ಅಂಗಡಿಯ ಬೆಂಚನ್ನು ನೀವೊಮ್ಮೆ ನೋಡಬೇಕು. ಬಣ್ಣ, ಎಣ್ಣೆ ಏನನ್ನೂ ಕಾಣದ ಬರಿಯ ಬೇವಿನ ಹಲಗೆ. ಆದರೂ ಥಳಥಳ ಹೊಳೆಯುತ್ತದೆ. ಅದಕ್ಕೆ ಹೊಳಪು ಕೊಟ್ಟಿದ್ದು ಕೊಟ್ಟೂರಿನ ಮಂದಿಯ ಪ್ಯಾಂಟುಗಳು. ಬೆಂಚಿನ ಈ ತುದಿಯಲ್ಲಿ, ಟೀವಿಯ ಎದುರು ಇಬ್ಬರು ವಿಡಿಯೊ ಗೇಮ್ ಆಡುತ್ತಾರೆ. ಸೋತವನು ರಿಮೋಟನ್ನು ಪಕ್ಕದವನ ಕೈಗಿಟ್ಟು ಎದ್ದು ಹೋಗಿ ಆ ತುದಿಯಲ್ಲಿ ಕೂರಬೇಕು, ಉಳಿದವರೆಲ್ಲ ಒಂದಾಳಿನಷ್ಟು ಈಚೆ ಸರಿಯಬೇಕು. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ, ಮುರಿದವರಂತೂ ಇಲ್ಲ.

ಈಗೀಗ ಎಲ್ಲರ ಜೇಬಿನಲ್ಲೂ ಆಟವಿದೆ, ಹಾಗಾಗಿ ಬರುವವರು ಕಡಿಮೆಯಾದರು. ಪಕ್ಕದ ಮೊಬೈಲ್ ಕವರಿನ ವ್ಯಾಪಾರಿ ದಿನಕ್ಕೊಮ್ಮೆ ಇಣುಕಿ, 'ಭಾಯ್, ಈ ರೂಮು ಬಾಡಿಗಿಗೆ ಕೊಡ್ತೀರೇನ್ರಿ?' ಎಂದು ಕೇಳತೊಡಗಿದ. ನನ್ನ ತಂದೆ, ಅಬ್ಬಾ, ರೇಡಿಯೊ ರಿಪೇರಿ ಮಾಡುತ್ತಿದ್ದ ಕೋಣೆಯಿದು. ಕಳೆದುಕೊಳ್ಳುವ ಭಯಕ್ಕೆ ಹೊಸ ಆಟದ ಯಂತ್ರ ತರಲು ಹೊಸಪೇಟೆಗೆ ಹೋದೆ. ಅಲ್ಲಿ ಎರಡು ಯಂತ್ರಗಳಿದ್ದವು. ಒಂದು ಅಗ್ಗದ್ದು, ವಿಚಿತ್ರದ್ದು: ಅದರ ರಿಮೋಟು ಎರಡಾಗಿ ಬಿಚ್ಚಿಕೊಳ್ಳುತ್ತದೆ, ಇಬ್ಬರೂ ಒಂದೊಂದು ಹಿಡಿದು ಬ್ಯಾಟಿನಂತೆ ಬೀಸಬಹುದು, ಚಿತ್ರ ಮಾತ್ರ ಮಕ್ಕಳು ಪಾಟಿಯ ಮೇಲೆ ಗೀಚಿದಂಥದ್ದು. ಇನ್ನೊಂದರ ಬೆಲೆ ಕೇಳಿದರೆ ಎದೆ ಝಲ್ಲೆನ್ನಬೇಕು, ಚಿತ್ರ ನೋಡಿದರೆ ಕಣ್ಣು ಕೀಳಲಾಗದು. ಎಲೆಯ ಮೇಲಿನ ಹನಿಯಲ್ಲಿ ಆಕಾಶ ಕಾಣುತ್ತಿತ್ತು. ನಾನು ಆ ಹನಿಗೆ ಮರುಳಾಗಿ ಅದನ್ನೇ ಕೊಂಡೆ.

ಮೊದಲು ಕೂತವನು ನಮ್ಮ ಹಳೆಯ ಗಿರಾಕಿ, ಲೈನ್‌ಮನ್ ಕೊಟ್ರೇಶ. 'ಭಾಯ್, ಈ ನೀರಾಗ ಕೈ ಹಾಕಿದ್ರ ತೋಯ್ತೈತಿ ಅನ್ನಂಗೈತಿ ನೋಡ್ರಿ' ಎಂದ. ನನ್ನ ಎದೆ ಅರಳಿತು. ಆದರೆ ಆ ಆಟದಲ್ಲಿ ಒಬ್ಬನೇ ಕಾಡುಮೇಡು ಅಲೆಯುತ್ತಾನೆ. ಸತ್ತರೂ ಅಲ್ಲೇ ಎದ್ದು ಮತ್ತೆ ನಡೆಯುತ್ತಾನೆ. ಯಾರೂ ಸೋಲುವುದಿಲ್ಲ, ಸೋಲದವನು ಬೆಂಚು ಬಿಟ್ಟು ಏಳುವುದಾದರೂ ಯಾಕೆ? ಪಾಳಿಗಾಗಿ ಪಕ್ಕದಲ್ಲಿ ಕೂತವರು ಸ್ವಲ್ಪ ಹೊತ್ತು ಕಾಡು ನೋಡಿ, ಮೊಬೈಲು ನೋಡಿ, 'ನಾಳಿ ಬರ್ತೀವ್ರಿ' ಎಂದು ಹೋದರು. ಇಬ್ಬರು ಆಡುವ ಆಟವನ್ನೂ ಹಾಕಿ ನೋಡಿದೆ. 'ಇದು ಹಳೇದ್ರಾಗೂ ಇತ್ತಲ್ಲ, ಇದಕ್ಕ್ಯಾಕ ರೇಟು ಜಾಸ್ತಿ?' ಎಂದರು.

ಕಡೆಗೆ ಕೊಟ್ರೇಶನೂ ಒಂದು ದಿನ ರಿಮೋಟು ಕೆಳಗಿಟ್ಟ. 'ಚಿತ್ರ ಭಾಳ ಚಲೋ ಐತಿ ಭಾಯ್. ಆದ್ರ ಗೆದ್ರ ಬೈಯಾಕ ಒಬ್ರೂ ಇಲ್ಲ' ಎಂದು ಚಪ್ಪಲಿ ಮೆಟ್ಟಿದ.

ಆಮೇಲೆ ಕೂತು ಯೋಚಿಸಿದ್ದೇ ಯೋಚಿಸಿದ್ದು. ಅಬ್ಬಾನ ರೇಡಿಯೊದಲ್ಲಿ ಚಿತ್ರವೇ ಇರಲಿಲ್ಲ. ರಿಪೇರಿಯಾದದ್ದನ್ನು ಪರೀಕ್ಷಿಸಲು ಕ್ರಿಕೆಟ್ ಹಚ್ಚಿದರೆ ಇದೇ ಬೆಂಚು ತುಂಬಿ ಹೊಸ್ತಿಲವರೆಗೂ ಜನ. ಒಬ್ಬೊಬ್ಬನಿಗೆ ಒಂದೊಂದು ಮೈದಾನ ಕಾಣುತ್ತಿತ್ತು, ಜಗಳ ಮಾತ್ರ ಎಲ್ಲರದೂ ಒಂದೇ. ಹಾಗೆಂದು ಚೆಲುವು ಸುಳ್ಳೇ? ಆ ಹನಿಯನ್ನು ನೆನೆದರೆ ಈಗಲೂ ಮನಸ್ಸು ಒದ್ದೆಯಾಗುತ್ತದೆ. ಈ ವಾರದೊಳಗೆ ತಂದರೆ ಅಗ್ಗದ ಯಂತ್ರಕ್ಕೆ ಬದಲಿಸಿಕೊಡುವುದಾಗಿ ಅಂಗಡಿಯವನು ಫೋನಿನಲ್ಲಿ ಹೇಳಿದ್ದಾನೆ. ಕೈ ಬೀಸುವ ಆಟವನ್ನು ಕಂಡು ಊರು ನಕ್ಕರೆ? ಎರಡು ದಿನಕ್ಕೆ ಬೇಸರವಾದರೆ? ನೀವಾದರೂ ಏನು ಹೇಳುತ್ತಿದ್ದಿರಿ?

ನಿನ್ನೆ ಮಧ್ಯಾಹ್ನ ನನ್ನ ಹೆಂಡತಿ ಶಾಹೀನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಅಂಗಡಿಗೇ ಬಂದಳು. ನನ್ನ ಮುಖ ನೋಡಿದವಳೇ ಮೇಜಿನ ಕೆಳಗಿನಿಂದ ಹಳೆಯ ಯಂತ್ರವನ್ನು ಎಳೆದು ತಂತಿ ಸಿಕ್ಕಿಸಿದಳು. 'ಚಿಂತಿ ಆಮ್ಯಾಲ ಮಾಡೂರಂತ. ಒಂದಾಟ ಆಡೂಣು ಬರ್ರಿ' ಎಂದಳು. ಆಡಿದೆವು. ಸಲೀಸಾಗಿ ನನ್ನನ್ನು ಸೋಲಿಸಿದಳು. ಇನ್ನೊಂದಾಟಕ್ಕೆ ನಾನು ಕೈ ಚಾಚಿದರೆ, ಅವಳು ಬೆಂಚಿನ ಕೊನೆ ತೋರಿಸಿ, 'ಏಳ್ರಿ. ಸೋತವ್ರು ಆ ಕಡಿ' ಎಂದಳು.

ಎದ್ದು ಹೋದೆ. ಆ ತುದಿಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ಅದರ ಮೇಲೇ ಕೂತೆ. ಶಾಹೀನಳಿಗೂ ನನಗೂ ನಡುವೆ ಉದ್ದಕ್ಕೂ ಖಾಲಿ ಹಲಗೆ. 'ನಾಳಿ ಹೊಸಪೇಟಿಗೆ ಹೋಗಿ ಆ ಹೊಸಾ ಯಂತ್ರ ಬದಲಿಸ್ಕೊಂಡು ಬರ್ತೀನಿ' ಎಂದೆ. ಅವಳು ಟೀವಿಯಿಂದ ಕಣ್ಣು ತೆಗೆಯದೆ, 'ಮದ್ಲ ನಿಮ್ಮ ಪಾಳಿ ಬರ್ಲಿ' ಎಂದಳು. ನಮ್ಮಿಬ್ಬರ ನಡುವೆ ಸರಿಯುವವರು ಯಾರೂ ಇರಲಿಲ್ಲ. ಬರದೇ ಹೋದವರೆಲ್ಲರ ಪಾಲಿನದನ್ನೂ ನಾನೇ, ಒಂದೊಂದಾಳಿನಷ್ಟು, ಧೂಳನ್ನು ಪ್ಯಾಂಟಿಗೆ ಬಳಿದುಕೊಳ್ಳುತ್ತ ಅವಳತ್ತ ಸರಿದೆ.