ಕಿಣ್ವದ ನಿಪ್ಪಟ್ಟು ನೋಡಲು ಪೀಣ್ಯಕ್ಕೆ

ವೈಟ್‌ಫೀಲ್ಡಿನಲ್ಲಿ ಬೆಳಿಗ್ಗೆ ಆರೂವರೆಗೆ ಮೆಟ್ರೊ ಹತ್ತಿದಾಗ ನನ್ನ ಪಟ್ಟು ಒಂದೇ: ಸಕ್ಕರೆ ಕಾಯಿಲೆಯವರಿಗೆಂದು ಮಾರುವ ತಿಂಡಿಗಳೆಲ್ಲ ಬರೀ ಬುರುಡೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಎರಡು ಬಾರಿ ಸೋಲಿಸಿದ್ದ ಬಾಗಲಕೋಟೆಯ ಮಹಾದೇವಿ ಪೀಣ್ಯದಲ್ಲಿ ಶೆಡ್ ಹಿಡಿದು, ರಾಗಿ ಹಿಟ್ಟಿಗೆ ಕಿಣ್ವ, ಅಂದರೆ ಎನ್‌ಜೈಮ್, ಬೆರೆಸಿ ಅಂಥದೇ ನಿಪ್ಪಟ್ಟು ಮಾಡುತ್ತಿದ್ದಳು. ತಿಂದವರ ರಕ್ತ ಪರೀಕ್ಷಿಸಲು ಶುರುಮಾಡಿ ವಾರವಾಯಿತು, ಫಲಿತಾಂಶ ಸರಿ ಬರುತ್ತಿಲ್ಲ, ಇವತ್ತೂ ಹಾಗೇ ಆದರೆ ಸಂಜೆ ಶೆಡ್ ಬಿಟ್ಟುಕೊಡುತ್ತೇನೆ, ಮುಚ್ಚುವ ಮೊದಲು ಒಮ್ಮೆ ಬಂದು ನೋಡು ಎಂದು ಫೋನಿನಲ್ಲಿ ಹೇಳಿದ್ದಳು.

ಟಿಕೆಟ್ಟಿಗೆ ತೊಂಬತ್ತು ರೂಪಾಯಿ. ಮೆಜೆಸ್ಟಿಕ್‌ವರೆಗೆ ಲ್ಯಾಪ್‌ಟಾಪ್ ಬ್ಯಾಗುಗಳು. ಅಲ್ಲಿ ರೈಲು ಬದಲಾಯಿಸಿದ ಮೇಲೆ ಊಟದ ಡಬ್ಬಿಗಳು. ಪೀಣ್ಯದಲ್ಲಿ ಇಳಿದಾಗ ಎಂಟು ದಾಟಿತ್ತು, ಸಣ್ಣಗೆ ತುಂತುರು. ಸ್ಟೇಷನ್ ಕೆಳಗೆ ನಿಂತೇ ಎರಡು ಇಡ್ಲಿ ತಿಂದು, ಲೇತ್‌ಗಳ ಸದ್ದಿನ ನಡುವೆ ಕಾಲು ಗಂಟೆ ನಡೆದೆ.

ಶೆಡ್ಡಿನಲ್ಲಿ ಒಂದು ಓವನ್, ಮುಚ್ಚಿಟ್ಟ ರಾಗಿ ಹಿಟ್ಟಿನ ಪಾತ್ರೆಗಳು. 'ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವಂತಿಲ್ಲ' ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಕೂರುವ ಮೊದಲೇ ನನ್ನ ಬಾಣ ಬಿಟ್ಟೆ: ಬಿಸಿಗೆ ಕಿಣ್ವ ಸಾಯುತ್ತದಲ್ಲ, ಹಾಕಿ ಏನು ಲಾಭ?

"ಸಾಯ್ಲಿ ಬಿಡು. ರಾತ್ರಿಯೆಲ್ಲಾ ಹಿಟ್ಟಿನ್ಯಾಗ ಅದರ ಕೆಲಸ ಮುಗಿದಿರ್ತದ" ಎಂದಳು. ಹಿಟ್ಟಿನ ಪಿಷ್ಟವನ್ನು ಅದು ನಿಧಾನವಾಗಿ ಜೀರ್ಣವಾಗುವಂತೆ ಬದಲಿಸುತ್ತದಂತೆ. ಸಕ್ಕರೆ ಸರ್ರನೆ ಏರಬಾರದು, ಅಷ್ಟೇ ಉದ್ದೇಶ. ಮೊದಲ ಸುತ್ತು ಅವಳದಾಯಿತು.

ಅಷ್ಟರಲ್ಲಿ ಬಸಪ್ಪ ಬಂದರು. ಯಾದಗಿರಿಯವರು, ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ, ರಾತ್ರಿ ಪಾಳಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ರುಚಿ ನೋಡುವ ಐವರಲ್ಲಿ ಒಬ್ಬರು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಅಳೆಯಲು ಬೆರಳು ಚುಚ್ಚಿಸಿಕೊಂಡು ಮೂರು ನಿಪ್ಪಟ್ಟು ತಿಂದರು. ಎರಡು ತಾಸು ಬೇರೇನೂ ತಿನ್ನಬಾರದು, ಆಮೇಲೆ ಮತ್ತೆ ಚುಚ್ಚುವುದು. ಹೊತ್ತು ಕಳೆಯಲು ನನ್ನನ್ನು ಎದುರಿನ ಅಂಗಡಿಗೆ ಕರೆದೊಯ್ದು ಚಹಾ ಕುಡಿಸಿದರು. ದುಡ್ಡು ಕೊಡಲು ಬಿಡಲಿಲ್ಲ.

ಎರಡನೇ ಅಳತೆಯಲ್ಲೂ ಸಕ್ಕರೆ ಸರ್ರನೆ ಏರಿದ್ದು ನೋಡಿ ಮಹಾದೇವಿ ಏಪ್ರನ್ ಬಿಚ್ಚಿದಳು. ಗೆದ್ದೆನೆನ್ನಲು ಬಾಯಿ ತೆರೆದೆ. ಆಗ ಬಾಯಲ್ಲಿ ಇನ್ನೂ ಉಳಿದಿದ್ದ ಸಿಹಿ ಅರಿವಿಗೆ ಬಂತು.

"ಅಣ್ಣಾ, ನಾವು ಚಹಾ ಕುಡಿದ್ವಲ್ಲ" ಎಂದೆ.

"ಕುಡಿದ್ವಿ. ಅದಕ್ಕೇನ್ರೀ?"

ಮಹಾದೇವಿ ತಿರುಗಿದಳು. "ಕಾಕಾ, ಏನೂ ತಿನ್ನಬ್ಯಾಡ ಅಂತ ದಿನಾ ಹೇಳೀನಿಲ್ಲ?"

"ತಿಂದಿಲ್ಲವ್ವಾ. ಚಹಾ ಕುಡದ್ರ ತಿಂದಂಗ ಏನು? ಐದೂ ಮಂದಿ ಅಲ್ಲೇ ಕುಡೀತೀವಿ. ಒಣಾ ನಿಪ್ಪಟ್ಟು ಗಂಟಲಾಗ ಇಳೀಬೇಕಲ್ಲ."

ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರೆ, ಎರಡು ಚಮಚಕ್ಕಿಂತ ಜಾಸ್ತಿಯೇ ಎಂದರು. ಮಹಾದೇವಿ ಅಳತೆ ಬರೆದಿಡುವ ಪುಸ್ತಕ ತೆಗೆದಳು. ಆ ವಾರದ ಪುಟಗಳ ಮೇಲೆ ಉದ್ದಕ್ಕೆ ಗೀಟು ಎಳೆದಳು.

ನನ್ನ ಬಾಯಿ ಸುಮ್ಮನಿರಲಿಲ್ಲ. ಚಹಾ ತಪ್ಪಿತಸ್ಥ ಎಂದಾದರೂ ನಿಪ್ಪಟ್ಟು ಗೆದ್ದಂತಾಗಲಿಲ್ಲ, ಏನೂ ರುಜುವಾತಾಗಿಲ್ಲ ಎಂದೆ.

"ಸೋತದ್ದೂ ರುಜುವಾತಾಗಿಲ್ಲಲ್ಲ" ಎಂದವಳೇ ಶೆಡ್ ಮಾಲೀಕರಿಗೆ ಫೋನ್ ಮಾಡಿ, ಸಂಜೆ ಬರುವುದು ಬೇಡ, ಇನ್ನೊಂದು ತಿಂಗಳು ಇರುತ್ತೇನೆ ಎಂದಳು. ಬಸಪ್ಪನವರ ಜೊತೆ ಚೌಕಾಸಿ ಆಗಲೇ ಶುರುವಾಗಿತ್ತು: ನಾಳೆಯಿಂದ ಚಹಾ ಅವಳೇ ಮಾಡುತ್ತಾಳೆ, ಸಕ್ಕರೆ ಇಲ್ಲ. ಅವರು ಶುಂಠಿಯನ್ನಾದರೂ ಹಾಕು ಎಂದು ಪಟ್ಟು ಹಿಡಿದಿದ್ದರು.

ಹನ್ನೆರಡರ ರೈಲಿನಲ್ಲಿ ಕಿಟಕಿ ಪಕ್ಕ ನಿಂತು ಆ ಶೆಡ್ ಹುಡುಕಿದೆ. ಕೆಳಗೆ ಮಳೆಗೆ ನೆನೆದ ತಗಡಿನ ಮಾಡುಗಳು ನೂರಾರು. ಯಾವುದರಡಿ ಓವನ್ ಮತ್ತೆ ಹೊತ್ತಿತ್ತೋ ಗೊತ್ತಾಗಲಿಲ್ಲ.