ಎರಡು ಗಂಟಿನ ಭರಣಿ

ಹೋದ ವಾರ ಬೀದರಿನ ಬಜಾರಿನಲ್ಲಿ ಒಂದು ಭರಣಿ ಕೊಂಡೆ. ಕತ್ತು ಕಂದು, ಹೊಟ್ಟೆ ಬಿಳಿ, ಎರಡು ಕೈಯಲ್ಲಿ ಅಪ್ಪಿ ಹಿಡಿಯುವಷ್ಟು ದೊಡ್ಡದು. ತೊಳೆದು ಒಣಗಿಸಿ, ಹೆಚ್ಚಿದ ಮಾವಿನಕಾಯಿಗೆ ಉಪ್ಪು ಅರಿಶಿನ ಹಚ್ಚಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿದೆ. ಮರುದಿನ ಬಟ್ಟೆ ಬಿಚ್ಚಿದಾಗ ಆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು ನೋಡಿ... ಮಗಳ ಅಡುಗೆಮನೆಯಲ್ಲಿ ನಿಂತಲ್ಲೇ ಹಲ್ಲು ಕಡಿದೆ. ನೆನಪಾದವರು ಅಕ್ಕಾವ್ರು.

ಬೀದರಿನ ಪಕ್ಕದ ಅಷ್ಟೂರಿನ ಗುಮ್ಮಟಗಳು ಕಾಣುವ ಒಂದು ಹೊಲದಲ್ಲಿ ಅವರ ರಜೆಯ ಮನೆ ಇತ್ತು. ಸಂಸಾರವೆಲ್ಲ ಹೈದರಾಬಾದಿನಲ್ಲಿ. ತಿಂಗಳಿಗೊಮ್ಮೆ, ಮನಸ್ಸು ಬಂದರೆ ಎರಡು ಸಲ, ಗಾಳಿ ತಿನ್ನಲು ಬರುತ್ತಿದ್ದರು. ತವರು ಭಾಲ್ಕಿ ಕಡೆಯದಾದ್ದರಿಂದ ಮಾತು ನಮ್ಮದೇ. ಉಳಿದ ದಿನವೆಲ್ಲ ಆ ಮನೆ ಕಾಯುತ್ತಿದ್ದವರು ನಾನು ಮತ್ತು ನನ್ನ ಗಂಡ, ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ. ಅವರನ್ನು ಅಕ್ಕಾವ್ರು ಎಂದು ಕರೆಯಬೇಕೆಂದು ಅವರೇ ಹೇಳಿದ್ದರು. ಅಕ್ಕ ಎನ್ನುವ ಮಾತಿಗೆ ಅಷ್ಟು ಅವಮಾನ ಬೇರೆಲ್ಲೂ ಆಗಿರಲಿಕ್ಕಿಲ್ಲ.

ಯಾರೂ ಇರದ ಮನೆಗೆ ಕೆಲಸ ಕಡಿಮೆ ಎಂದುಕೊಂಡರೆ ತಪ್ಪು. ಮುಚ್ಚಿಟ್ಟ ಮನೆ ಬೇಗ ಹಾಳಾಗುತ್ತದೆ. ದಿನಾ ಕಿಟಕಿ ತೆಗೆದು ಗಾಳಿ ಆಡಿಸಬೇಕು, ನಲ್ಲಿ ಬಿಟ್ಟು ಕೆಂಪು ನೀರು ಹರಿಸಬೇಕು, ಯಾರೂ ಮಲಗದ ಗಾದಿಗಳನ್ನು ಬಿಸಿಲಿಗೆ ಹಾಕಬೇಕು. ಬಾಗಿಲ ಚೌಕಟ್ಟಿಗೆ ಗೆದ್ದಲು, ಮಾವಿನ ಗಿಡಕ್ಕೆ ಮಂಗ, ವರಾಂಡದಲ್ಲಿ ಹಲ್ಲಿಯ ಹಿಕ್ಕೆ. ಶುಕ್ರವಾರ ಫೋನ್ ಬಂತೆಂದರೆ ಸೊಂಟ ಮುರಿಯುವ ತನಕ ಒರೆಸುವುದು. ಶನಿವಾರ ಅಕ್ಕಾವ್ರು ಕಾರಿನಿಂದ ಇಳಿದು ಮೊದಲು ಟಿ.ವಿ. ಮೇಲೆ ಬೆರಳು ಎಳೆದು ನೋಡುತ್ತಿದ್ದರು. ಬೆರಳಿಗೆ ಏನೂ ಹತ್ತದಿದ್ದರೆ ಅವರಿಗೆ ಬೇಜಾರಾಗುತ್ತಿತ್ತೆಂದು ನನ್ನ ಅನುಮಾನ.

ನಾವು ಯಾವ ಓಣಿಯವರೆಂದು ಗೊತ್ತಿದ್ದೇ ಕೆಲಸಕ್ಕಿಟ್ಟುಕೊಂಡಿದ್ದರು. ನಮ್ಮ ಕೋಣೆಯಲ್ಲಿ ಬುದ್ಧನ ಫೋಟೊ ಇತ್ತು. ಅದನ್ನು ನೋಡಿಯೂ ನೋಡದ ಹಾಗಿರುತ್ತಿದ್ದರು. ನಮ್ಮ ಚಹಾದ ಬಟ್ಟಲು ಹೊರಗೆ ಕಿಟಕಿಯ ಮೇಲೆ. ಅಡುಗೆಮನೆ ಗುಡಿಸಬಹುದು, ಒರೆಸಬಹುದು. ಕಟ್ಟೆ ಮಾತ್ರ ಮುಟ್ಟುವಂತಿಲ್ಲ. ನೆಲಕ್ಕೆ ಇಲ್ಲದ ಮೈಲಿಗೆ ಕಟ್ಟೆಗೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಹೊಟ್ಟೆಪಾಡು.

ಬೇಸಿಗೆಯಲ್ಲಿ ಅವರು ನಾದಿನಿಯನ್ನು ಕರೆದುಕೊಂಡು ಬಂದು, ತೋಟದ ಕಾಯಿ ಇಳಿಸಿ ಉಪ್ಪಿನಕಾಯಿ ಹಾಕುತ್ತಿದ್ದರು. ಒಂದು ಸಲ ಭರಣಿಯನ್ನು ವರಾಂಡದ ಬಿಸಿಲಿಗೆ ಇಟ್ಟಿದ್ದರು. ನನ್ನ ಮಗಳಿಗೆ ಆಗ ಆರು ವರ್ಷ. ಹುಳಿಯ ಆಸೆಗೆ ಹೋಗಿ ಎರಡು ಬೆರಳು ಅದ್ದಿ ನೆಕ್ಕಿತು ಕೂಸು. ಅಕ್ಕಾವ್ರು ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ... ಡ್ರೈವರನ್ನು ಕರೆದರು. ಬೇವಿನ ಗಿಡದ ಕೆಳಗೆ ಗುಂಡಿ ತೆಗೆಸಿ, ಇಡೀ ಭರಣಿ ಬಗ್ಗಿಸಿ ಸುರಿಸಿದರು. ಆಮೇಲೆ ಭರಣಿಯನ್ನೂ ಕಲ್ಲಿಗೆ ಒಡೆಸಿದರು. ನಾದಿನಿ ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಅಕ್ಕಾವ್ರು ಮಗಳ ಮುಂದೆ ಒಂದು ಬಿಸ್ಕೀಟಿನ ಪುಡಿಕೆ ಇಟ್ಟು ಒಳಗೆ ಹೋದರು.

ಮಗಳು ಬಿಸ್ಕೀಟು ಮುಟ್ಟಲಿಲ್ಲ. ಸಂಜೆಯ ತನಕ ನಲ್ಲಿಯ ಹತ್ತಿರ ಕೂತು ಕೈ ತೊಳೆದಳು. ಅವತ್ತೇ ನಿಶ್ಚಯಿಸಿದೆ: ಈ ಹೆಂಗಸಿಗೆ ನನ್ನ ಮಗಳ ಕೈಯ ಉಪ್ಪಿನಕಾಯಿ ತಿನ್ನಿಸದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವಳೇ ಅಲ್ಲ.

ಮರುವರ್ಷ ದಾರಿ ತಾನಾಗಿ ತೆರೆಯಿತು. ಉಪ್ಪು ಹಚ್ಚಿ ಭರಣಿ ತುಂಬಿಸಿದ ಮರುದಿನವೇ ಅಕ್ಕಾವ್ರ ಗಂಡನಿಗೆ ಎದೆನೋವೆಂದು ಫೋನ್ ಬಂತು. ಗಡಬಡಿಸಿ ಹೊರಟರು. ಉಪ್ಪಿಟ್ಟ ಕಾಯಿಯನ್ನು ದಿನಾ ಮೇಲೆ ಕೆಳಗೆ ಮಾಡದಿದ್ದರೆ ಬೂಸು ಬರುತ್ತದೆ. ಕಾರಿನ ಹತ್ತಿರ ಹೋಗಿ ಕೇಳಿದೆ.

“ಅಕ್ಕಾವ್ರೇ, ಭರಣಿ ಏನ್ ಮಾಡ್ಲಿರಿ?”

“ಮುಟ್ಟಬ್ಯಾಡ. ಕೆಟ್ರ ಕೆಡ್ಲಿ.”

ಗಂಡನ ಜೀವದ ಚಿಂತೆಯಲ್ಲೂ ಅಷ್ಟು ಹೇಳಲು ಮರೆಯಲಿಲ್ಲ ಮಹಾತಾಯಿ. ಕಾರು ಗೇಟು ದಾಟಿ ಧೂಳು ಇಳಿಯುವುದನ್ನೇ ಕಾದು, ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲಿನ ಭರಣಿಯ ಬಟ್ಟೆ ಬಿಚ್ಚಿ, “ಕೈ ಹಾಕು” ಎಂದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ಬ್ಯಾಡವ್ವಾ. ನನ್ ಕೈ ಹತ್ತಿದ್ರ ಕೆಡ್ತದ.”

ಒಂದು ಭರಣಿ ಒಡೆದು, ನನ್ನ ಕೂಸಿಗೆ ತನ್ನ ಕೈಯೇ ವಿಷ ಎಂದು ಕಲಿಸಿಬಿಟ್ಟಿದ್ದರು. “ಕೆಡಲ್ಲ. ನೀನೇ ನೋಡ್ತಿ” ಎಂದು ಅವಳ ಕೈ ಎಳೆದು ಒಳಗಿಳಿಸಿದೆ, ಮೊಣಕೈತನಕ. ಅಳುತ್ತಲೇ ಕಲಸಿದಳು. ಬಟ್ಟೆ ನಾನೇ ಮತ್ತೆ ಬಿಗಿದು ಕಟ್ಟಿದೆ. ಮರುದಿನ ಅಳಲಿಲ್ಲ. ಅದರ ಮರುದಿನ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ತಮ್ಮ ಗಂಡ ಹಾಸ್ಪಿಟಲಿನಿಂದ ಮನೆಗೆ ಬಂದ ಮೇಲೆಯೇ ಅಕ್ಕಾವ್ರು ಈ ಕಡೆ ತಲೆ ಹಾಕಿದ್ದು. ಭರಣಿಯಲ್ಲಿ ಒಂದು ಚುಕ್ಕೆ ಬೂಸಿರಲಿಲ್ಲ. ಬಟ್ಟೆ ಬಿಚ್ಚಿ ಸ್ವಲ್ಪ ಹೊತ್ತು ನೋಡಿದರು, ಏನೂ ಕೇಳಲಿಲ್ಲ. ಖಾರ ಕಲಸಿ, ಕಾಸಿದ ಎಣ್ಣೆ ಹಾಕಿ, ಕಾರಿನಲ್ಲಿಟ್ಟುಕೊಂಡು ಹೋದರು.

ಆ ವರ್ಷದ ಉಪ್ಪಿನಕಾಯಿ ಊರೆಲ್ಲ ಹೆಸರಾಯಿತಂತೆ. ಬೀಗರಿಗೆ ಕೊಟ್ಟರಂತೆ, ಪೂಜೆಗೆ ಬರುವ ಆಚಾರ್ರಿಗೂ ಕೊಟ್ಟರಂತೆ. ಡ್ರೈವರ್ ಬಂದು ಬಂದು ಸುದ್ದಿ ಹೇಳುತ್ತಿದ್ದ. ನಾನು ಗಾದಿ ಝಾಡಿಸುತ್ತ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಅವರು ಬೆರಳು ಎಳೆದು ಧೂಳು ಹುಡುಕುವಾಗಲೆಲ್ಲ ಒಳಗೊಳಗೇ ಅನ್ನುತ್ತಿದ್ದೆ, ಹುಡುಕು ತಾಯಿ, ಹುಡುಕು, ನಿನ್ನ ಹೊಟ್ಟೆಯಲ್ಲಿ ಏನಿದೆ ನಿನಗೇ ಗೊತ್ತಿಲ್ಲ. ಒಂದು ದಿನ ಎದುರು ನಿಂತು ಹೇಳಬೇಕು, ಆ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡಬೇಕು. ಅದೊಂದೇ ಆಸೆಯಿಂದ ಆ ಮನೆಯ ಎಷ್ಟೋ ನೆಲ ಒರೆಸಿದೆ.

ಆ ದಿನ ಬಂತು. ಮನೆ ಮಾರಿದರು. ಸಾಮಾನೆಲ್ಲ ಲಾರಿಗೆ ಹೇರಿ ಆಗಿತ್ತು. ಅಕ್ಕಾವ್ರು ಒಂದು ಬಾಟಲಿ ಉಪ್ಪಿನಕಾಯಿ ತಂದು, ಕೈಗೆ ಕೊಡದೆ, ಮೆಟ್ಟಿಲ ಮೇಲಿಟ್ಟು “ತಗೋ” ಎಂದರು. ನಾನು ಬಾಟಲಿ ಎತ್ತಲಿಲ್ಲ.

“ಅಕ್ಕಾವ್ರೇ, ಸಾಹೇಬ್ರಿಗಿ ಎದಿನೋವು ಬಂದ ವರ್ಷ ಕಾಯಿ ಕಲಸಿದ್ದು ನನ್ನ ಮಗಳರಿ. ಬರಿಗೈಲಿ.”

ಮುಖ ಕಪ್ಪಿಡಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಗೊತ್ತದ. ನಾ ಭರಣಿಗಿ ಒಂದೇ ಗಂಟು ಹಾಕಾಕಿ. ಬಂದು ನೋಡಿದ್ರ ಎರಡು ಗಂಟು ಇದ್ವು.”

ನಾನು ಕೇಳಿದೆ. “ಗೊತ್ತಿದ್ದೂ ತಿಂದ್ರಿ?”

“ಛಲೋ ಆಗಿತ್ತು, ತಿಂದೆ.”

“ಮತ್ತ ಅದರ ಹಿಂದಿನ ವರ್ಷ ನನ್ನ ಕೂಸಿನ ಮುಂದ ಯಾಕ ಒಡಿಸಿದ್ರಿ?”

“ಅವತ್ತು ನಾದಿನಿ ನಿಂತು ನೋಡ್ಲತ್ತಿದ್ಲಲ್ಲ” ಎಂದು ಹೇಳಿ ಕಾರು ಹತ್ತಿದರು.

ಅಂದರೆ ಮಡಿ, ಮೈಲಿಗೆ, ಒಂದೂ ಇರಲಿಲ್ಲ. ನಂಬಿಕೆಯಾದರೂ ಇದ್ದಿದ್ದರೆ ಹುಚ್ಚು ಮುದುಕಿ ಎಂದು ಬಿಟ್ಟುಬಿಡಬಹುದಿತ್ತು. ನಾದಿನಿಯೆದುರು ಒಂದು ಗಳಿಗೆಯ ಮಾನಕ್ಕಾಗಿ ಆರು ವರ್ಷದ ಕೂಸನ್ನು ಬಲಿ ಕೊಟ್ಟಿದ್ದರು. ಅಷ್ಟು ವರ್ಷ ಜೋಪಾನ ಮಾಡಿದ ನನ್ನ ಸೇಡನ್ನು ಅವರು ಎಂದೋ ತಿಂದು ಅರಗಿಸಿಕೊಂಡಿದ್ದರು. ಆ ಬಾಟಲಿಯನ್ನು ಅದೇ ಬೇವಿನ ಗಿಡದ ಕಲ್ಲಿಗೆ ಒಗೆದೆ. ಹೊಟ್ಟೆ ತಣ್ಣಗಾಗಲಿಲ್ಲ.

ಈಗ ಅಕ್ಕಾವ್ರು ಇಲ್ಲ. ಡ್ರೈವರನೇ ಫೋನ್ ಮಾಡಿ ತಿಳಿಸಿದ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಬುದ್ಧವಿಹಾರದಲ್ಲಿ ಭಿಕ್ಷುಗಳಾದ ಭಂತೇಜಿ ಹೇಳುತ್ತಾರೆ. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಸಿಟ್ಟು ಇದೆ. ತೀರಿಸಿಕೊಳ್ಳಲು ಆ ಹೆಂಗಸೇ ಇಲ್ಲದ ಮೇಲೆ ಅದನ್ನು ಎಲ್ಲಿಡುವುದೋ ತಿಳಿಯದೆ ಒಂಥರಾ ಬರಿದಾಗಿ ಕೂತಿದ್ದೇನೆ...

ಹೋದ ವಾರ ನಾನು ಹೊಸ ಭರಣಿಯ ಬಟ್ಟೆ ಬಿಚ್ಚಿ ನಿಂತಿದ್ದಾಗ ಮೊಮ್ಮಗಳು ಓಡಿಬಂದು ಇಣುಕಿ, ಕೈ ಹಾಕಿದಳು. ಮಗಳು ಆಗತಾನೇ ಭಾಲ್ಕಿಯ ಬ್ಯಾಂಕಿನ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅಲ್ಲಿಂದಲೇ ಚೀರಿದಳು. “ತೆಗಿ ಕೈ! ಕೆಡ್ತದ!”

ಚೀರಿದ ಮೇಲೆ ತನ್ನ ದನಿ ತಾನೇ ಕೇಳಿಸಿಕೊಂಡವಳ ಹಾಗೆ ಒಂದು ಚಪ್ಪಲಿ ಕಾಲಲ್ಲೇ ಇದ್ದಂತೆ ನಿಂತುಬಿಟ್ಟಳು. ಮೊಮ್ಮಗಳು ಹೆದರಿ ಕೈ ಹೊರಗೆಳೆದಿದ್ದಳು. ನಾನು ಆ ಪುಟ್ಟ ಕೈ ಹಿಡಿದು ಮತ್ತೆ ಭರಣಿಯೊಳಗೆ ಇಳಿಸಿದೆ. “ಕಲಸು” ಎಂದೆ. ಕೂಸು ಕಿಲಕಿಲ ನಗುತ್ತ ಕಲಸತೊಡಗಿತು.

“ನೀನೂ ಬಾ” ಎಂದು ಮಗಳನ್ನು ಕರೆದೆ. ಅವಳು ಹತ್ತಿರ ಬಂದು ನಿಂತಳು. ಎರಡೂ ಕೈ ಬೆನ್ನ ಹಿಂದೆ ಇದ್ದವು.