ಅಂಬಾಸಿಡರಿನ ಅಳತೆಯ ನಿಂಬೆ

ಹಳೆಯ ಕಾರುಗಳ ಮರದ ಪ್ರತಿಕೃತಿಗಳನ್ನು ಸಂಗ್ರಹಿಸುವುದು ನನ್ನ ಚಟ. ಮಾಡಲು ಹೇಳಿ ಎಂಟು ತಿಂಗಳು ನಾನು ಕಾದಿದ್ದ ಅಂಬಾಸಿಡರನ್ನು ತರಲು ಬೆಳುವಾಯಿಯಲ್ಲಿ ಮರಗೆಲಸ ಮಾಡುವ ಆಚಾರ್ರ ಮನೆಗೆ ಹೋಗಿದ್ದೆ. ಗೇಣುದ್ದದ ಕಾರು. ಬಾಗಿಲು ತೆರೆಯುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ಚಕ್ರವೂ ತಿರುಗುತ್ತದೆ.

ಎತ್ತಿಕೊಳ್ಳಲು ಕೈ ಚಾಚಿದಾಗ ಆಚಾರ್ರು ತಡೆದರು. "ಪೂಜೆ ಆಗದೆ ವಾಹನ ಅಂಗಳ ದಾಟುದಿಲ್ಲ ಮಾರಾಯ್ರೇ."

ಬಾನೆಟ್ಟಿಗೆ ಕುಂಕುಮ ಬಿತ್ತು. ಚಕ್ರದಡಿಗೆ ಇಡಲು ಅವರ ಹೆಂಡತಿ ನಾಲ್ಕು ನಿಂಬೆಹಣ್ಣು ತಂದರು. ಒಂದೊಂದೂ ಚಕ್ರಕ್ಕಿಂತ ದೊಡ್ಡದು. ಅವುಗಳ ಮೇಲೆ ಹತ್ತಿಸಿದರೆ ಆಕ್ಸೆಲ್ ಮುರಿಯುವುದು ಖಂಡಿತ. ಹೆದರಿಕೆಯಲ್ಲಿ ಬಾಯಿ ತಪ್ಪಿ ಹೇಳಿದೆ: "ಆಟದ ಕಾರಿಗೆ ಇದೆಲ್ಲ ಬೇಕಾ?"

ಆಚಾರ್ರು ಕಾರನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದರು. "ಆಟದ್ದು ಪೇಟೆಯಲ್ಲಿ ಸಿಗ್ತದೆ. ಮೂಡುಬಿದಿರೆಗೆ ಬಸ್ಸು ಉಂಟು."

ನನ್ನ ಎಂಟು ತಿಂಗಳು ಕಪಾಟು ಸೇರಿತ್ತು. ಒಂದು ನಿಂಬೆಯನ್ನು ಅವರ ಕೈಗಿತ್ತು ಹೇಳಿದೆ: "ಆಚಾರ್ರೇ, ವೈಪರನ್ನು ಕೂಡ ಅಳತೆ ತಪ್ಪದೆ ಮಾಡಿದವರು ನೀವು. ಈ ನಿಂಬೆಯ ಅಳತೆ ಮಾತ್ರ ಸರಿ ಇಲ್ಲವಲ್ಲ?"

ಅವರು ನಿಂಬೆಯನ್ನು ತಿರುಗಿಸಿ ನೋಡಿದರು. "ಅದು ಹೌದು" ಎಂದು ಹಿತ್ತಿಲಿಗೆ ಹೋಗಿ, ಬಳ್ಳಿಯಿಂದ ನಾಲ್ಕು ಹಸಿ ಕಾಳುಮೆಣಸು ಕಿತ್ತು ತಂದರು.

ಕಾರನ್ನು ಕಪಾಟಿನಿಂದ ತೆಗೆದು, ಚಕ್ರಕ್ಕೊಂದರಂತೆ ಕಾಳು ಇಟ್ಟರು. ನಾನು ಎರಡು ಬೆರಳಲ್ಲಿ ಕಾರನ್ನು ದೂಡಿದೆ. "ನಿಧಾನ, ಫಸ್ಟ್ ಗೇರಲ್ಲೇ ಹೋಗಿ" ಎಂದರು. ನಾಲ್ಕೂ ಕಾಳು ಅಪ್ಪಚ್ಚಿಯಾದವು.

"ಮೊದಲ ಓಟ ದೇವಸ್ಥಾನಕ್ಕೇ ಆಗಬೇಕು" ಎಂದು ಕಾರು ಕೈಗಿತ್ತರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ನಮ್ಮೂರ ದೇವಸ್ಥಾನಕ್ಕೆ ಹೋದೆ. ಆ ದೇವಸ್ಥಾನದ ಎದುರು ನನಗೆ ಪಾರ್ಕಿಂಗಿಗೆ ಜಾಗ ಸಿಕ್ಕಿದ್ದು ಅದೇ ಮೊದಲು.